ಒಂದೂವರೆ ಲಕ್ಷದ ಲೆಕ್ಕ

ಮತ್ತೆ ಬಂತು ಆ ಮೆಸೇಜು. "ಬರೀ ಒಂದೂವರೆ ಲಕ್ಷ ಜನ ಇರೋ ದೇಶ ಫುಟ್‌ಬಾಲ್ ವಿಶ್ವಕಪ್ಪಿಗೆ! 140 ಕೋಟಿ ಜನರಲ್ಲಿ ನಮಗೆ ಹನ್ನೊಂದು ಜನ ಸಿಗಲಿಲ್ಲವೇ?" ನಮ್ಮ ಮನೆಯ ಗ್ರೂಪಿನಲ್ಲಿ ಚಿಕ್ಕಪ್ಪ ಇದನ್ನು ಹಾಕಿದ್ದು ಇದು ನಾಲ್ಕನೇ ಸಲ. ಕೆಳಗೆ ಮೂರು ಅಳುವ ಮುಖ, ಒಂದು ಬಾವುಟ. ಬಾವುಟವೂ ಬೇರೆ ಯಾವುದೋ ದೇಶದ್ದು. ಚಿಕ್ಕಪ್ಪ ತೊಂಬತ್ತು ನಿಮಿಷ ಕೂತು ಒಂದು ಫುಟ್‌ಬಾಲ್ ಪಂದ್ಯ ನೋಡಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಭಾಗಾಕಾರದಲ್ಲಿ ಅವರನ್ನು ಮೀರಿಸುವವರಿಲ್ಲ. ಅವರ ಲೆಕ್ಕದ ಪ್ರಕಾರ ಒಂದೂವರೆ ಲಕ್ಷಕ್ಕೆ ಒಂದು ತಂಡವಾದರೆ ನಮ್ಮಲ್ಲಿ ಒಂಬತ್ತು ಸಾವಿರಕ್ಕೂ ಜಾಸ್ತಿ ತಂಡಗಳಿರಬೇಕು. ಇವೆಯೇನೋ, ಯಾರಿಗೆ ಗೊತ್ತು. ಆಡಲು ಮೈದಾನ ಸಿಗದೆ ಎಲ್ಲೋ ಸುಮ್ನೆ ನಿಂತಿರಬಹುದು.

ದೇಶದ ಹೆಸರು ಕ್ಯುರಸಾವ್, ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಪೇಪರಿಗೊಂದು ಥರ ಬರೆಯುತ್ತಾರೆ, ಅಲ್ಲಿನವರು ತಮ್ಮ ಪಾಪಿಯಮೆಂಟು ಭಾಷೆಯಲ್ಲಿ ಕೋರ್ಸೊ ಅನ್ನುತ್ತಾರೆ. 444 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರಿಗಿಂತ ಚಿಕ್ಕದು. ದೇಶ ಅಂದರೂ ಅದು ಡಚ್ ರಾಜಮನೆತನದ ಕೆಳಗೇ ಇರುವ ದೇಶ. 2025ರ ನವೆಂಬರ್ 18ರ ರಾತ್ರಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಒಂದೂ ಗೋಲು ಹೊಡೆಯದೆ, ಒಂದೂ ಬಿಟ್ಟುಕೊಡದೆ, ಬರೀ ಡ್ರಾ ಸಾಕಾಗಿ, 2026ರ ವಿಶ್ವಕಪ್ಪಿಗೆ ಅರ್ಹವಾಯಿತು. ಜಮೈಕಾದವರ ಚೆಂಡು ಮೂರು ಸಲ ಗೋಲು ಕಂಬಕ್ಕೆ ಬಡಿಯಿತು. ಕೊನೆಗಳಿಗೆಯಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಿತು. ವಿಎಆರ್, ಅಂದರೆ ವಿಡಿಯೊ ಮರುಪರಿಶೀಲನೆ, ನೋಡಿ ರೆಫರಿ ಅದನ್ನೂ ವಾಪಸ್ ತೆಗೆದುಕೊಂಡ. ಇಷ್ಟು ಚಿಕ್ಕ ದೇಶ ಹಿಂದೆ ಯಾವತ್ತೂ ವಿಶ್ವಕಪ್ಪಿಗೆ ಹೋಗಿರಲಿಲ್ಲ. 2018ರಲ್ಲಿ ಐಸ್‌ಲ್ಯಾಂಡ್ ಹೋಗಿದ್ದಾಗ ಅಲ್ಲಿ ಮೂರೂವರೆ ಲಕ್ಷ ಜನ ಇದ್ದರು. ಕ್ಯುರಸಾವ್ ಎದುರು ಅದು ಜನಸಂಖ್ಯಾ ಸ್ಫೋಟವೇ.

ಅದೇ ದಿನ ಸಂಜೆ ಢಾಕಾದಲ್ಲಿ ನಾವು ಬಾಂಗ್ಲಾದೇಶದ ಎದುರು 0-1ಕ್ಕೆ ಸೋತಿದ್ದೆವು. ಸೋತು ಮಲಗಿ, ಬೆಳಗ್ಗೆ ಎದ್ದು ಕಾಫಿ ಕುಡಿಯುವಷ್ಟರಲ್ಲಿ ಕ್ಯುರಸಾವ್ ಗೆದ್ದಷ್ಟೇ ಖುಷಿಯಲ್ಲಿ ಕುಣಿಯುತ್ತಿತ್ತು. ಚಿಕ್ಕಪ್ಪನಿಗೆ ಇನ್ನೇನು ಬೇಕು? ಹಾಗೆ ನೋಡಿದರೆ ಪುಟ್ಟ ದ್ವೀಪದ ಕೈಯಲ್ಲಿ ಪೆಟ್ಟು ತಿನ್ನಲು ನಾವು ಕೆರಿಬಿಯನ್ ಸಮುದ್ರದ ತನಕ ಹೋಗಬೇಕಿಲ್ಲ. ಅಕ್ಟೋಬರಿನಲ್ಲಿ ಸಿಂಗಪುರ ನಮ್ಮದೇ ಮಡಗಾಂವ್‌ಗೆ ಬಂದು 2-1ಕ್ಕೆ ಸೋಲಿಸಿ ಹೋಗಿತ್ತು.

ಈಗ ಆ ಒಂದೂವರೆ ಲಕ್ಷದ ಮಾತಿಗೆ ಬರೋಣ. ಆ ತಂಡದಲ್ಲಿ ಬಹುತೇಕ ಎಲ್ಲರೂ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ, ಆಟ ಕಲಿತಿದ್ದೂ ಅಲ್ಲಿಯೇ. ಅಪ್ಪನೋ ಅಮ್ಮನೋ ಅಜ್ಜಿಯೋ ದ್ವೀಪದವರು. ಆಗಿನ ಕೋಚ್ ಡಿಕ್ ಅಡ್ವೊಕಾಟ್ ಕೂಡ ಡಚ್ಚರೇ. ಆಗ ವಯಸ್ಸು 78. ನೆದರ್ಲೆಂಡ್ಸ್, ಬೆಲ್ಜಿಯಂ, ರಷ್ಯಾ, ದಕ್ಷಿಣ ಕೊರಿಯಾ ಎಲ್ಲ ತಂಡಗಳನ್ನೂ ನೋಡಿಕೊಂಡು ಇಲ್ಲಿಗೆ ಬಂದವರು. ಕಿಂಗ್‌ಸ್ಟನ್ ಪಂದ್ಯಕ್ಕೆ ಅವರೂ ಇರಲಿಲ್ಲ, ಮನೆಯ ಕಾರಣಕ್ಕೆ ಊರಿಗೆ ಹೋಗಿದ್ದರು. ಹಾಗಾಗಿ ಲೆಕ್ಕ ಒಂದೂವರೆ ಲಕ್ಷದ್ದಲ್ಲ ಚಿಕ್ಕಪ್ಪಾ, ಇಡೀ ಡಚ್ ಫುಟ್‌ಬಾಲಿನದ್ದು.

ಇದನ್ನು ಹೇಳಿದರೆ ಕೆಲವರು "ಓ, ಹಾಗಾದ್ರೆ ಮೋಸ" ಅನ್ನುತ್ತಾರೆ. ಮೋಸ ಏನಿಲ್ಲ. ಕ್ಯುರಸಾವ್ ಅಂದರೆ ಪಬ್ಬಿಗೆ ಹೋಗುವವರಿಗೆ ಒಂದು ನೀಲಿ ಮದ್ಯ ನೆನಪಾಗುತ್ತದೆ, ಅಲ್ವಾ? ಆ ನೀಲಿ ಬರೀ ಬಣ್ಣ. ಒಳಗಿರುವುದು ಲರಾಹಾ ಅನ್ನುವ ಕಿತ್ತಳೆಯ ಒಣಸಿಪ್ಪೆಯ ಘಮ. ಸ್ಪೇನಿನವರು ಸಿಹಿ ಕಿತ್ತಳೆ ತಂದು ದ್ವೀಪದಲ್ಲಿ ನೆಟ್ಟರು. ಮಳೆಯಿಲ್ಲದ ಒಣ ನೆಲದಲ್ಲಿ ಹಣ್ಣು ಕಹಿಯಾಯಿತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ, ಈ ಹಣ್ಣನ್ನು ಆಡೂ ಮುಟ್ಟಲಿಲ್ಲವಂತೆ. ಕೊನೆಗೆ ಸಿಪ್ಪೆ ಒಣಗಿಸಿ ನೋಡಿದರೆ ಅದರಲ್ಲಿ ಒಳ್ಳೆಯ ಎಣ್ಣೆ ಇತ್ತು. ಹಣ್ಣು ಅಲ್ಲಿ ಕಹಿಯಾಯಿತು, ಹುಡುಗರು ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಕಡೆ ಬೆಳೆದು ಸಿಹಿಯಾದರು. ದ್ವೀಪದವರು ಎರಡನ್ನೂ ಬಿಡಲಿಲ್ಲ. ಇದರಲ್ಲಿ ನಾಚಿಕೆಪಡುವುದು ಏನಿದೆ?

ನಾವು ಬಿಡಿ, ಶುದ್ಧ ಮಡಿಯವರು. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇಲ್ಲದೆ ನಮ್ಮ ತಂಡದ ಮೈಲಿಗೆ ಕಳೆಯುವುದಿಲ್ಲ. ನಮ್ಮ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಅಮ್ಮನ ಬೇರು ಮುಂಬೈಯದ್ದು. ಆ ಮನುಷ್ಯ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟುಕೊಟ್ಟು ನಮ್ಮ ಪಾಸ್‌ಪೋರ್ಟ್ ತೆಗೆದುಕೊಂಡ. ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟು ನಮ್ಮದು! ನಮ್ಮ ಕಡೆಯ ಹುಡುಗರು ಉಲ್ಟಾ ಕ್ಯೂನಲ್ಲಿ ನಿಂತಿರುವಾಗ! ಅಷ್ಟಾದ ಮೇಲೂ ಢಾಕಾ ಪಂದ್ಯದ ಹೊತ್ತಿಗೆ ಆಸ್ಟ್ರೇಲಿಯಾದಿಂದ ಬರಬೇಕಿದ್ದ ಕಾಗದ ಬರಲಿಲ್ಲ. ಆಡುವ ಹಾಗಿಲ್ಲ. ಎದುರಿನ ತಂಡದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹಮ್ಜಾ ಚೌಧರಿ ಆರಾಮಾಗಿ ಆಡುತ್ತಿದ್ದರು. ಮೆಸೇಜ್ ಫಾರ್ವರ್ಡ್ ಮಾಡುವವರಿಗೆ ಇದು ಬೇಡ. ಇದರಲ್ಲಿ ಭಾಗಾಕಾರ ಇಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳದೆ ಇರಲಾಗುವುದಿಲ್ಲ. ಕೇಪ್ ವರ್ಡೆ ಅಂತ ಇನ್ನೊಂದು ದ್ವೀಪದೇಶವೂ ಅದೇ ವಿಶ್ವಕಪ್ಪಿಗೆ ಅರ್ಹವಾಯಿತು. ಅವರ ಡಿಫೆಂಡರ್ ರಾಬರ್ಟೊ ಲೋಪೆಸ್ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್‌ನಲ್ಲಿ. ಆತನಿಗೆ ಅಂದಿನ ಕೋಚ್ ಲಿಂಕ್ಡ್‌ಇನ್‌ನಲ್ಲಿ ಪೋರ್ಚುಗೀಸ್ ಭಾಷೆಯಲ್ಲಿ ಮೆಸೇಜ್ ಕಳಿಸಿದ್ದರು. ಲೋಪೆಸ್ ಅದನ್ನು ಯಾವುದೋ ಕೆಲಸಕ್ಕೆ ಬಾರದ ಮೆಸೇಜು ಅಂದುಕೊಂಡು ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದ. ನಮ್ಮ ಫುಟ್‌ಬಾಲ್ ಫೆಡರೇಶನ್ನಿಗೂ 2025ರಲ್ಲಿ ಮೇಲ್ ಬಂದಿತ್ತು. ಕೋಚ್ ಕೆಲಸಕ್ಕೆ ಬಾರ್ಸಿಲೋನಾದ ಹಳೇ ಕೋಚ್ ಶಾವಿಯೇ ಅರ್ಜಿ ಹಾಕಿದ್ದಾರೆ ಅಂತ ದೇಶವೆಲ್ಲ ಸುದ್ದಿಯಾಯಿತು. ಅಷ್ಟು ದುಡ್ಡು ನಮ್ಮಿಂದ ಆಗದು ಅನ್ನುವ ಮಾತೂ ಬಂತು. ಆಮೇಲೆ ನೋಡಿದರೆ ಆ ಮೇಲ್ ಶಾವಿಯದ್ದೇ ಅಲ್ಲ, ಇನ್ನೊಬ್ಬ ದೊಡ್ಡ ಕೋಚ್ ಗ್ವಾರ್ಡಿಯೋಲಾ ಹೆಸರಲ್ಲಿ ಬಂದಿದ್ದೂ ಸುಳ್ಳು ಅಂತ ಫೆಡರೇಶನ್ನೇ ಹೇಳಿತು. ಅಲ್ಲಿ ನಿಜವಾದ ಮೆಸೇಜನ್ನು ಸುಳ್ಳು ಅಂದುಕೊಂಡರು, ಇಲ್ಲಿ ಸುಳ್ಳು ಮೆಸೇಜನ್ನು ನಿಜ ಅಂದುಕೊಂಡರು. ಅವರು ವಿಶ್ವಕಪ್ಪಿಗೆ ಹೋದರು. ನಾವು ನಮ್ಮ ದೊಡ್ಡ ಫುಟ್‌ಬಾಲ್ ಲೀಗ್ ಐಎಸ್ಎಲ್ ನಡೆಸುವವರು ಬೇಕು ಅಂತ ಟೆಂಡರ್ ಕರೆದೆವು, ಒಬ್ಬರೂ ಬಿಡ್ ಹಾಕಲಿಲ್ಲ.

ವಿಶ್ವಕಪ್ ನಡೆಸುವ ಫಿಫಾದ ಮಾತು ಕೇಳಿದರೆ ಮಾತ್ರ ಕಣ್ಣಲ್ಲಿ ನೀರು ಬರುತ್ತದೆ. ಚಿಕ್ಕ ದೇಶಗಳೂ ಕನಸು ಕಾಣಲಿ ಅಂತ 32 ತಂಡಗಳನ್ನು 48 ಮಾಡಿದ್ದಾರಂತೆ. ಎಂಥ ಔದಾರ್ಯ! ಕ್ಯುರಸಾವ್‌ನ ರಾಜಧಾನಿ ವಿಲೆಮ್‌ಸ್ಟಾಡ್‌ನಲ್ಲಿ ಸಮುದ್ರದ ದಂಡೆಗೆ ಸಾಲಾಗಿ ಹಳದಿ, ಗುಲಾಬಿ, ಹಸಿರು ಬಣ್ಣದ ಮನೆಗಳಿವೆ. ಅದಕ್ಕೊಂದು ಕತೆ ಹೇಳುತ್ತಾರೆ. ಸುಮಾರು 1817ರಲ್ಲಿ ಗವರ್ನರ್ ಕಿಕರ್ಟ್ ಅನ್ನುವವನಿಗೆ ವಿಪರೀತ ತಲೆನೋವು. ಬಿಸಿಲಿಗೆ ಹೊಳೆಯುವ ಬಿಳಿ ಗೋಡೆಗಳೇ ಕಾರಣ ಅಂತ ಎಲ್ಲರೂ ಬೇರೆ ಬಣ್ಣ ಬಳಿಯಬೇಕು ಎಂದು ಆಜ್ಞೆ ಮಾಡಿದ. ಅವನು ಸತ್ತ ಮೇಲೆ ಗೊತ್ತಾಯಿತಂತೆ, ಊರಿನ ಬಣ್ಣದ ಅಂಗಡಿಯಲ್ಲಿ ಅವನದ್ದೂ ಪಾಲಿತ್ತು. ಫಿಫಾಗೆ ಚಿಕ್ಕ ದೇಶಗಳನ್ನು ಕಂಡು ಕರುಳು ಕಿತ್ತು ಬಂದಾಗಲೆಲ್ಲ ನನಗೆ ಈ ಬಣ್ಣದ ಅಂಗಡಿ ನೆನಪಾಗುತ್ತದೆ. 48 ತಂಡ ಅಂದರೆ 104 ಪಂದ್ಯ. ಅಷ್ಟೂ ಪಂದ್ಯಗಳ ಟಿಕೆಟ್ಟು, ಅಷ್ಟೂ ಪಂದ್ಯಗಳ ಟಿವಿ ಹಕ್ಕು. ಅದರ ಮೇಲೆ, ಮಳೆ ಬಂದಾಗ ಕ್ಯಾಬ್‌ನವರು ರೇಟು ಏರಿಸುವ ಹಾಗೆ, ಬೇಡಿಕೆ ನೋಡಿಕೊಂಡು ಟಿಕೆಟ್ ದರ ಏರಿಸುವ ಏರ್ಪಾಡು.

ಆ ನವೆಂಬರ್ 18ರಂದೇ ಕ್ಯುರಸಾವ್‌ನ ಸ್ವಂತ ಸ್ಟೇಡಿಯಮ್ಮಿನಲ್ಲೂ ಒಂದು ತಂಡ ವಿಶ್ವಕಪ್ಪಿಗೆ ಅರ್ಹವಾಯಿತು. ಹೈಟಿ. ಅವರ ರಾಜಧಾನಿಯ ಸ್ಟೇಡಿಯಂ ಗ್ಯಾಂಗುಗಳ ಕೈಗೆ ಹೋಗಿತ್ತು. ಅದಕ್ಕೇ ತಮ್ಮ "ತವರು" ಪಂದ್ಯಗಳನ್ನು ವಿಲೆಮ್‌ಸ್ಟಾಡ್‌ನಲ್ಲಿ ಆಡಿ, ನಿಕರಾಗುವಾವನ್ನು 2-0ರಲ್ಲಿ ಸೋಲಿಸಿ, 1974ರ ನಂತರ ಮೊದಲ ಸಲ ವಿಶ್ವಕಪ್ಪಿಗೆ ಹೊರಟರು. ಅವರ ಕೋಚ್ ಅಲ್ಲಿಯವರೆಗೆ ಹೈಟಿಯ ನೆಲಕ್ಕೆ ಕಾಲಿಟ್ಟೇ ಇರಲಿಲ್ಲ.

ಆದರೆ ವಿಶ್ವಕಪ್ಪಿನ ಬಹುಪಾಲು ಪಂದ್ಯಗಳು ಅಮೆರಿಕದಲ್ಲಿ, ಹೈಟಿಯವರಿಗೆ ಅಮೆರಿಕ 2025ರ ಜೂನ್‌ನಿಂದಲೇ ಬಾಗಿಲು ಹಾಕಿದೆ. ಆಟಗಾರರು ಬರಬಹುದು, ಕೋಚ್ ಬರಬಹುದು. ಊರಿನವರು ಬರುವ ಹಾಗಿಲ್ಲ. ಕ್ಯುರಸಾವ್‌ನವರ ಕೈಯಲ್ಲಿ ಡಚ್ ಪಾಸ್‌ಪೋರ್ಟ್ ಇದೆ, ಅವರಿಗೆ ವೀಸಾ ಕೂಡ ಬೇಕಿಲ್ಲ. ಒಂದೇ ಸ್ಟೇಡಿಯಂ. ಅದರ ಯಜಮಾನರು ವಿಮಾನ ಹತ್ತಬಹುದು, ಅಲ್ಲೇ ಆಡಿ ಗೆದ್ದ ಬಾಡಿಗೆಯವರ ಕಡೆಯವರು ಮನೆಯಲ್ಲಿ ಟಿವಿ ನೋಡಬೇಕು, ಕರೆಂಟ್ ಇದ್ದರೆ. ಕ್ಯುರಸಾವ್ ಗುಂಪಿನಲ್ಲೇ ಇರುವ ಐವರಿ ಕೋಸ್ಟಿನವರಿಗೂ 2026ರ ಜನವರಿಯಿಂದ ಹೊಸ ಪ್ರವಾಸಿ ವೀಸಾ ಬಂದ್. ಚಿಕ್ಕ ದೇಶದ ಕನಸು ಅಂತೆ. ಕನಸು ಕಾಣಿ, ಬರಬೇಡಿ. ಇದಕ್ಕೆ ವಿಡಂಬನೆ ಬರೆಯಲು ಕೂತರೆ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಸಿಟ್ಟೂ ಹಳೆಯದಾಗಿದೆ, ಸುಸ್ತಾಗಿದೆ.

2025ರ ಡಿಸೆಂಬರ್ 5ರಂದು ವಾಷಿಂಗ್ಟನ್ನಿನಲ್ಲಿ ಯಾರ ಎದುರು ಯಾರು ಅಂತ ಚೀಟಿ ಎತ್ತಿದ್ದನ್ನು ನೋಡಿದಿರಲ್ಲ. ಅಲ್ಲಿ ಫಿಫಾ ಹೊಸದಾಗಿ ಒಂದು ಶಾಂತಿ ಪ್ರಶಸ್ತಿ ಹುಟ್ಟುಹಾಕಿ ಟ್ರಂಪ್ ಅವರಿಗೇ ಕೊಟ್ಟಿತು. ಪದಕವನ್ನು ಅವರೇ ಎತ್ತಿ ಕೊರಳಿಗೆ ಹಾಕಿಕೊಂಡರು. ಒಂದು ತಿಂಗಳು ತುಂಬುವ ಮೊದಲೇ, ಜನವರಿ 3ರಂದು, ಶಾಂತಿದೂತರ ವಿಮಾನಗಳು ವೆನೆಜುವೆಲಾದ ಕರಾಕಸ್ ಮೇಲೆ ಬಾಂಬ್ ಹಾಕಿದವು. ವೆನೆಜುವೆಲಾದ ಕರಾವಳಿಯಿಂದ ಕ್ಯುರಸಾವ್‌ಗೆ ಸುಮಾರು 65 ಕಿಲೋಮೀಟರ್. ಬೆಂಗಳೂರಿನಿಂದ ತುಮಕೂರು, ಅಷ್ಟೇ.

ಇದನ್ನೆಲ್ಲ ಗ್ರೂಪಿನಲ್ಲಿ ಉದ್ದಕ್ಕೆ ಟೈಪ್ ಮಾಡಿ, ಅಳಿಸಿ, ಕೊನೆಗೆ ಚಿಕ್ಕಪ್ಪನಿಗೇ ಫೋನ್ ಮಾಡಿದೆ.

"ಚಿಕ್ಕಪ್ಪಾ, ಜೂನ್ 14ಕ್ಕೆ ಕ್ಯುರಸಾವ್‌ನವರದ್ದು ಜರ್ಮನಿ ಜೊತೆ ಮೊದಲ ಮ್ಯಾಚು. ನಮ್ಮ ಟೈಮಿಗೆ ರಾತ್ರಿ ಹತ್ತೂವರೆ. ಮನೆಗೆ ಬರಲಾ, ಜೊತೆಗೇ ಕೂತು ನೋಡೋಣ?"

"ಹತ್ತೂವರೆಗಾ? ಅಷ್ಟೊತ್ತಿಗೆ ಮಲಗಿಬಿಟ್ಟಿರ್ತೀನಿ ಕಣೋ. ಎಷ್ಟಾಯ್ತು ಅಂತ ಗ್ರೂಪಿಗೆ ಹಾಕಿಬಿಡು, ಬೆಳಗ್ಗೆ ಎದ್ದು ಫಾರ್ವರ್ಡ್ ಮಾಡ್ತೀನಿ."