ಮಲ್ಪೆ ಇರುವಾಗ ಮಾಲ್ಟಾ ಯಾಕೆ?

ಹೊರದೇಶದಲ್ಲಿರುವ ನಮ್ಮವರಿಗೆ ರಜೆ ಸಿಗುತ್ತದೆ, ಆದರೆ ರಜೆ ಮಾಡಲು ಬರುವುದಿಲ್ಲ. ಇದು ನನ್ನ ಅನಿಸಿಕೆ, ಬೇಕಾದರೆ ಜಗಳಕ್ಕೆ ಬನ್ನಿ. ಜರ್ಮನಿಯಲ್ಲಿ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ ವರ್ಷಕ್ಕೆ ಕನಿಷ್ಠ 20 ದಿನ ರಜೆ ಕೊಡಲೇಬೇಕು ಅಂತ ಕಾನೂನಿದೆ. ಬಹಳಷ್ಟು ಕಂಪನಿಗಳು 30 ಕೊಡುತ್ತವೆ. ಮ್ಯೂನಿಕ್‌ನಲ್ಲಿ ನನಗೆ ಗೊತ್ತಿರುವ ಕನ್ನಡದ ಮನೆಗಳಲ್ಲಿ ಅದೆಲ್ಲ ಎಲ್ಲಿ ಹೋಗುತ್ತದೆ ಅಂತ ವಿಚಾರಿಸಿ ನೋಡಿ. ಎಲ್ಲ ಕೂಡಿಟ್ಟು, ಒಂದೇ ಸಲಕ್ಕೆ, ಊರಿಗೆ. ಊರಲ್ಲಿ ಎರಡು ಮದುವೆ, ಒಂದು ಗೃಹಪ್ರವೇಶ, ಬ್ಯಾಂಕಿನ ಕೆವೈಸಿ, ಅಪ್ಪನ ಕಣ್ಣಿನ ಆಪರೇಷನ್, ಜಾಗದ ಪತ್ರಕ್ಕೆ ಒಂದು ಸಹಿ. ಮಧ್ಯೆ ಎಲ್ಲೋ ಅರ್ಧ ದಿನ ಖಾಲಿ ಸಿಕ್ಕಿದರೆ ಅದೂ ಯಾರದೋ ಮನೆಯ ಊಟಕ್ಕೆ ಹೋಗುತ್ತದೆ.

ನಾವಂತೂ ಎರಡು ತಲೆಮಾರಿನ ಹೊರನಾಡಿಗರು. ಅಪ್ಪ ಉಡುಪಿ ಕಡೆಯಿಂದ ಮುಂಬೈಗೆ ಹೋದವರು. ನಾನು ಬೆಳೆದದ್ದು ಅಲ್ಲಿನ ಚಾಳಿನಲ್ಲಿ, ಈಗಿರುವುದು ಮ್ಯೂನಿಕ್‌ನಲ್ಲಿ. ಮೇ ತಿಂಗಳು ಬಂತೆಂದರೆ ಬಿಲ್ಡಿಂಗಿನ ಅರ್ಧ ಮನೆಗಳಿಗೆ ಬೀಗ. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡಲು ಶುರುವಾಗುವ ಮುಂಚೆ ಬಸ್ಸೇ ಗತಿ, ಒಂದು ಹಗಲು ಒಂದು ರಾತ್ರಿ ಕೂತು ಬರಬೇಕು. ಮಹಾಬಲೇಶ್ವರ, ಮಾಥೇರಾನ್ ಎಲ್ಲ ಹತ್ತಿರದಲ್ಲೇ ಇದ್ದವು. ಒಮ್ಮೆಯೂ ಹೋಗಲಿಲ್ಲ. ದೈವಗಳ ಕೋಲ, ನೇಮ, ಜೊತೆಗೆ ಉಪನಯನ, ಮದುವೆ ಎಲ್ಲ ಬೇಸಿಗೆಯಲ್ಲೇ ಅಲ್ವಾ? ಊರು ಬಿಟ್ಟು ಬೇರೆ ಕಡೆ ಹೋಗುವುದು ಅಂದರೆ ಊರಿಗೆ ಮೋಸ ಮಾಡಿದ ಹಾಗೆ.

ಜರ್ಮನ್ ಸಹೋದ್ಯೋಗಿಗಳ ಲೆಕ್ಕ ಬೇರೆ. ಜನವರಿಯಲ್ಲೇ ಆ ವರ್ಷದ ರಜೆ ಕ್ಯಾಲೆಂಡರಿನಲ್ಲಿ ಬರೆದಾಗಿರುತ್ತದೆ. ಹೆಚ್ಚಿನವರು ಹೋಗುವುದು ಮೆಡಿಟರೇನಿಯನ್ ಕಡೆಗೆ. ಸ್ಪೇನಿನ ಮಯೋರ್ಕಾ ದ್ವೀಪಕ್ಕಂತೂ ಎಷ್ಟು ಜನ ಹೋಗುತ್ತಾರೆಂದರೆ, 16 ರಾಜ್ಯಗಳ ಜರ್ಮನಿಗೆ ಅದು 17ನೆಯದು ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಾರೆ. ಹೋಗಿ ಏನು ಮಾಡುತ್ತಾರೆ? ಮಲಗುತ್ತಾರೆ. ಬೆಳಿಗ್ಗೆ ತಿಂಡಿಗೆ ಮುಂಚೆ ಈಜುಕೊಳದ ಪಕ್ಕದ ಕುರ್ಚಿಯ ಮೇಲೆ ಟವೆಲ್ ಹಾಸಿ ಜಾಗ ಹಿಡಿಯುವುದು, ನಮ್ಮ ಬಸ್ಸಿನ ಸೀಟಿಗೆ ಕರ್ಚೀಫ್ ಎಸೆಯುವ ಪದ್ಧತಿಯೇ. ಆಮೇಲೆ ಒಂದು ದಪ್ಪ ಪುಸ್ತಕ. ಅಷ್ಟೇ. ಎರಡು ವಾರ! ನಾನು ಇದನ್ನು ಬಹಳ ವರ್ಷ ಸೋಮಾರಿತನ ಅಂದುಕೊಂಡಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ.

ಕಳೆದ ಆಗಸ್ಟಿನಲ್ಲಿ ನಾವು ಅದೇ ಮೆಡಿಟರೇನಿಯನ್ನಿನ ಪುಟ್ಟ ದ್ವೀಪದೇಶ ಮಾಲ್ಟಾಗೆ ಹೋದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಬವೇರಿಯದ ಶಾಲೆಗಳಿಗೆ ದೊಡ್ಡ ರಜೆ ಆಗಸ್ಟಿನಿಂದ ಸೆಪ್ಟೆಂಬರ್ ಮಧ್ಯದವರೆಗೆ. ಆಗ ಇಂಡಿಯಾ ಟಿಕೆಟ್ ದರ ನೋಡಿದರೆ ಜ್ವರ ಬರುತ್ತದೆ, ಮೇಲಾಗಿ ಉಡುಪಿಯಲ್ಲಿ ಧೋ ಮಳೆ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ಶೆಂಗೆನ್ ದೇಶಗಳ ಗುಂಪಿನೊಳಗೆ ಮಾಲ್ಟಾ ಇದೆ, ಜರ್ಮನಿಯಲ್ಲಿರುವ ನಮಗೆ ವೀಸಾ ರಗಳೆ ಇಲ್ಲ. ಮ್ಯೂನಿಕ್‌ನಿಂದ ಎರಡು ಚಿಲ್ಲರೆ ಗಂಟೆ ಹಾರಿದರೆ ಸಾಕು. 1964ರವರೆಗೆ ಬ್ರಿಟಿಷರ ಕೈಯಲ್ಲಿದ್ದ ದೇಶವಾದ್ದರಿಂದ ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ, ಗಾಡಿ ನಮ್ಮಂತೆ ಎಡಗಡೆ ಓಡುತ್ತದೆ. ಜರ್ಮನಿಯ ಚಾರ್ಜರ್ ಮಾತ್ರ ಅಲ್ಲಿನ ಗೋಡೆಗೆ ಸೇರುವುದಿಲ್ಲ, ಅಡಾಪ್ಟರ್ ಒಯ್ಯಿರಿ. ಇಡೀ ದೇಶ 316 ಚದರ ಕಿಲೋಮೀಟರ್. ಬಿಬಿಎಂಪಿ ಇದ್ದಾಗಿನ ಬೆಂಗಳೂರು 741. ಅಂದರೆ ಅರ್ಧ ಬೆಂಗಳೂರೂ ಇಲ್ಲದ ಜಾಗದಲ್ಲಿ ಐದು ಲಕ್ಷಕ್ಕೂ ಜಾಸ್ತಿ ಜನ, ಒಂದು ಪಾರ್ಲಿಮೆಂಟು, ಒಂದು ಸ್ವಂತ ಭಾಷೆ.

ಫೋನಿನಲ್ಲಿ ವಿಷಯ ಹೇಳಿದಾಗ ಅಮ್ಮ ಕೇಳಿದರು: "ಸಮುದ್ರ ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಮಗಾ? ಮಲ್ಪೆಯಲ್ಲಿ ಇಲ್ವಾ?"

ಇದಕ್ಕೆ ನಿಜವಾಗಿ ಒಂದು ಉತ್ತರ ಇದೆ. ಮಲ್ಪೆಯದ್ದು ನೋಡುವ ಸಮುದ್ರ. ಮೊಗವೀರರು ಅದರಲ್ಲಿ ದುಡಿಯುತ್ತಾರೆ, ಉಳಿದ ನಾವೆಲ್ಲ ಮೊಣಕಾಲವರೆಗೆ ನೆನೆದು, ಚುರುಮುರಿ ತಿಂದು, ಚಪ್ಪಲಿಯ ಮರಳು ಕೊಡವಿ ಮನೆಗೆ ಬರುತ್ತೇವೆ. ಕರಾವಳಿಯಲ್ಲಿ ಹುಟ್ಟಿಯೂ ಈಜು ಬಾರದವರು ನಮ್ಮಲ್ಲಿ ಬೇಕಾದಷ್ಟು. ಅಲೆಯ ಹೊಡೆತ, ಭರತ–ಇಳಿತದ ಸೆಳೆತ ಹಾಗಿರುತ್ತದೆ, ಹೆದರುವುದರಲ್ಲಿ ತಪ್ಪಿಲ್ಲ. ಮೆಡಿಟರೇನಿಯನ್ ಸುತ್ತಲೂ ನೆಲ ಇರುವ ಸಮುದ್ರ. ಅಟ್ಲಾಂಟಿಕ್ ಕಡೆಗೆ ಜಿಬ್ರಾಲ್ಟರ್‌ನಲ್ಲಿ ಸುಮಾರು 14 ಕಿಲೋಮೀಟರ್ ಅಗಲದ ಒಂದೇ ಬಾಯಿ. ಹಾಗಾಗಿ ಭರತ–ಇಳಿತ ಇದೆಯೋ ಇಲ್ಲವೋ ಅನ್ನುವಷ್ಟು. ಬಿಸಿಲಿಗೆ ನೀರು ಆರಿ ಆರಿ ಉಪ್ಪೂ ಜಾಸ್ತಿ, ಮೈ ತಾನಾಗಿ ತೇಲುತ್ತದೆ. ಮಾಲ್ಟಾದಲ್ಲಿ ಮರಳು ಕಡಿಮೆ, ಬಂಡೆ ಜಾಸ್ತಿ. ಬಂಡೆಗೆ ಕಬ್ಬಿಣದ ಏಣಿ ಬಡಿದಿರುತ್ತಾರೆ. ಬಾವಿಗೆ ಇಳಿದ ಹಾಗೆ ಇಳಿಯುವುದು. ಸಂಜೆ ಐದರ ಮೇಲೆ ಅಲ್ಲಿನ ಅಜ್ಜಿಯರು ಒಬ್ಬೊಬ್ಬರಾಗಿ ಇಳಿದು, ಕುತ್ತಿಗೆಯವರೆಗೆ ನೀರಲ್ಲಿದ್ದು ಗಂಟೆಗಟ್ಟಲೆ ಹರಟುತ್ತಾರೆ. ತಲೆಯ ಮೇಲೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಈಜುವ ಮಾತೇ ಇಲ್ಲ. ನನ್ನ ಹೆಂಡತಿಗೆ ಈಜು ಬರುವುದಿಲ್ಲ. ಅವರ ಗುಂಪಿನ ಪಕ್ಕದಲ್ಲಿ ಏಣಿ ಹಿಡಿದು ನಿಂತವಳು ಕೊನೆಗೆ ಏಣಿಯನ್ನೂ ಬಿಟ್ಟಳು.

ಕತ್ತಲಾಗುತ್ತಿದ್ದಂತೆ ಮೆಲ್ಲಿಹಾ ಕಡೆಯ ದಡಕ್ಕೆ ಇಡೀ ಮನೆಗಳೇ ಬರುತ್ತವೆ. ಮಡಚುವ ಮೇಜು, ಕುರ್ಚಿ, ಪಾತ್ರೆ, ಗ್ಯಾಸ್ ಒಲೆ, ಅಜ್ಜ, ಮಗು, ನಾಯಿ. ಅಡುಗೆ ಅಲ್ಲೇ, ಊಟ ಅಲ್ಲೇ, ಇಸ್ಪೀಟೂ ಅಲ್ಲೇ. ಜರ್ಮನ್ನರು ದ್ವೀಪಕ್ಕೆ ಬಂದು ಮೌನವಾಗಿ ಮಲಗುತ್ತಾರೆ, ದ್ವೀಪದವರು ಗಲಾಟೆ ಮಾಡಿಕೊಂಡು ಕೂರುತ್ತಾರೆ. ನಮಗೆ ಎರಡನೆಯದು ಹೊಂದಿಬಂತು ಅಂತ ಬೇರೆ ಹೇಳಬೇಕಿಲ್ಲ. ಮ್ಯೂನಿಕ್‌ನ ಇಸಾರ್ ನದಿ ದಡದಲ್ಲಿ ನಾವು ಹತ್ತು ಜನ ಸೇರಿ ಬಿಸಿಬೇಳೆ ಬಾತ್ ಡಬ್ಬ ತೆರೆದಾಗ ಏನೋ ಸಂಕೋಚ ಆಗುತ್ತದಲ್ಲ, ಇಲ್ಲಿ ಅದರ ಸುಳಿವೇ ಇರಲಿಲ್ಲ.

ಊಟದ್ದು ಬೇಗ ಹೇಳಿ ಮುಗಿಸುತ್ತೇನೆ. ನಮ್ಮದು ಸಸ್ಯಾಹಾರ. ಬಟಾಣಿ ತುಂಬಿದ ಪಸ್ಟಿತ್ಸಿ ಬೀದಿ ಬೀದಿಯಲ್ಲಿ ಸಿಗುತ್ತದೆ, ನಮ್ಮ ಬೇಕರಿ ಪಫ್ಸಿನ ಅಣ್ಣ. ಹಿಟ್ಟಿಗೆ ಹಂದಿಯ ಕೊಬ್ಬು ಹಾಕುವವರೂ ಇದ್ದಾರೆ, ಕೇಳಿಯೇ ತಿನ್ನಬೇಕು. ಟೊಮೆಟೊ ಉಜ್ಜಿ ಎಣ್ಣೆ ಸುರಿದ ಬ್ರೆಡ್ಡು, ಒಣ ಅವರೆಯ ಜಾತಿಯ ಕಾಳು ಬೇಯಿಸಿ ಅರೆದು ಬೆಳ್ಳುಳ್ಳಿ ಸೇರಿಸಿದ ಬಿಗಿಲ್ಲಾ, ಎರಡೂ ಚೆನ್ನಾಗಿವೆ. ನಮ್ಮಲ್ಲಿ ಬೇಲಿಗೆ ಬಿಟ್ಟ ಪಾಪಾಸುಕಳ್ಳಿಯ ಹಣ್ಣನ್ನು ಅಲ್ಲಿ ಮುಳ್ಳು ತೆಗೆದು, ತಣ್ಣಗೆ ಮಾಡಿ ಕೊಡುತ್ತಾರೆ. ಅದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಇಷ್ಟು ಬರೆಯಲು ಕೂತದ್ದು ಫೆಸ್ತಾ ಅನ್ನುವ ಅವರ ಊರಹಬ್ಬದಿಂದಾಗಿ. ಬೇಸಿಗೆಯಿಡೀ ಒಂದಲ್ಲ ಒಂದು ಊರಲ್ಲಿ ಅದು ನಡೆಯುತ್ತಲೇ ಇರುತ್ತದೆ. ನಾವಿದ್ದದ್ದು ಮೋಸ್ಟಾ ಊರಿನ ಹತ್ತಿರ. ಅಲ್ಲಿನ ಹಬ್ಬ ಆಗಸ್ಟ್ 15ಕ್ಕೆ, ಸಾಂತಾ ಮರಿಯಾ, ಅಂದರೆ ಯೇಸುವಿನ ತಾಯಿಯ ಹಬ್ಬ. ಅದೇ ದಿನ ಮಾಲ್ಟಾ, ಅದೇ ದೇಶದ ಪಕ್ಕದ ದ್ವೀಪ ಗೋಜೊ, ಎರಡೂ ಸೇರಿ ಏಳು ಊರುಗಳಲ್ಲಿ ಅದೇ ಹಬ್ಬ. (ನಮಗೆ ಸ್ವಾತಂತ್ರ್ಯ ದಿನ. ಮ್ಯೂನಿಕ್‌ನಲ್ಲೂ ಅವತ್ತು ಮರಿಯಮ್ಮನ ಹಬ್ಬಕ್ಕೆ ಸರ್ಕಾರಿ ರಜೆ, ಹಾಗಾಗಿ ನನ್ನ ಲೆಕ್ಕದಲ್ಲಿ ಒಂದು ದಿನ ಉಳಿಯಿತು.) ಬೆಳಿಗ್ಗೆ ಎಂಟಕ್ಕೇ ಗರ್ನಾಲು ಪಟಾಕಿ ಶುರು. ಬೀದಿಗೆಲ್ಲ ಬಣ್ಣದ ಬಟ್ಟೆ, ಧ್ವಜ, ಎತ್ತರದ ಕಂಬಗಳ ಮೇಲೆ ಸಂತರ ಮೂರ್ತಿಗಳು. ಕಡಲೆ–ಬಾದಾಮಿ ಚಿಕ್ಕಿಯಂಥ ಒಂದು ಸಿಹಿಯ ಅಂಗಡಿಗಳು ಸಾಲಾಗಿ. ಬ್ಯಾಂಡು ಬಂದಾಗ ಮಹಡಿಯಿಂದ ಕಾಗದದ ಚೂರು ಸುರಿಯುತ್ತವೆ. ಕೊನೆಗೆ ದೊಡ್ಡ ಮೂರ್ತಿ ಚರ್ಚಿನಿಂದ ಹೊರಗೆ ಬರುತ್ತದೆ, ಊರಿನ ಗಂಡಸರ ಹೆಗಲ ಮೇಲೆ. ಭಾರಕ್ಕೆ ಅವರ ಹೆಗಲು ಕೆಂಪಾಗಿರುತ್ತದೆ. ಚೆಂಡೆ ಇಲ್ಲ, ತುತ್ತೂರಿ ಇದೆ. ನಮ್ಮ ದೇವಸ್ಥಾನಗಳಲ್ಲಿ ಉತ್ಸವಮೂರ್ತಿ ಬಲಿಗೆ, ಅಂದರೆ ಸುತ್ತು ಬರಲು, ಹೊರಟಾಗ ಕಂಡ ಮುಖಗಳೇ ಇಲ್ಲೂ ಇದ್ದವು.

ಮೋಸ್ಟಾದವರಿಗೆ ಈ ಚರ್ಚಿನ ಮೇಲೆ ಇನ್ನೊಂದು ಪ್ರೀತಿ ಇದೆ. 1942ರ ಏಪ್ರಿಲ್ 9ರಂದು ಜರ್ಮನ್ ವಿಮಾನ ಹಾಕಿದ ಬಾಂಬು ಇದರ ಗುಮ್ಮಟ ತೂರಿ ಒಳಗೆ ಬಿತ್ತು. ಒಳಗೆ 250ಕ್ಕೂ ಹೆಚ್ಚು ಜನ ಇದ್ದರು. ಬಾಂಬು ಸಿಡಿಯಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ದ್ವೀಪ ಹಸಿವಿನ ಅಂಚಿಗೆ ಬಂದಿತ್ತು. ಆಗ ಓಹಾಯೊ ಅನ್ನುವ ಎಣ್ಣೆ ಹಡಗು, ಅರ್ಧ ಮುಳುಗಿದ ಸ್ಥಿತಿಯಲ್ಲಿ, ಬಂದರು ಸೇರಿದ್ದು ಸರಿಯಾಗಿ 15ನೇ ತಾರೀಕಿಗೆ. ಅಲ್ಲಿನವರು ಇದನ್ನು ಹೇಳುವಾಗ ದೇವರು ಮತ್ತು ಇತಿಹಾಸ ಎರಡನ್ನೂ ಬೇರೆ ಮಾಡುವುದಿಲ್ಲ. ನಾನೂ ಮಾಡಲು ಹೋಗಲಿಲ್ಲ.

ಈ ಹಬ್ಬವನ್ನು ನಡೆಸುವುದು ಊರಿನ ಬ್ಯಾಂಡ್ ಕ್ಲಬ್ಬುಗಳು. ಪಟಾಕಿಯನ್ನೂ ಊರವರೇ, ಸಂಬಳ ಇಲ್ಲದೆ, ವರ್ಷವಿಡೀ ಕೂತು ಮಾಡುತ್ತಾರೆ. ಪಕ್ಕದ ಊರಿಗಿಂತ ನಮ್ಮದು ಜೋರಾಗಬೇಕು ಅನ್ನುವ ಹಠ ಇದ್ದೇ ಇದೆ. ಪಟಾಕಿ ಕಾರ್ಖಾನೆ ಸಿಡಿದು ಜೀವ ಹೋದದ್ದೂ ಉಂಟು, ಅದನ್ನು ಚಂದ ಮಾಡಿ ಹೇಳಲು ನನಗೆ ಮನಸ್ಸಿಲ್ಲ. 2023ರಲ್ಲಿ ಯುನೆಸ್ಕೋ ಈ ಫೆಸ್ತಾವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದ ಮೇಲೂ ಅದು ಪ್ರವಾಸಿಗರಿಗಾಗಿ ನಡೆಯುವ ಪ್ರದರ್ಶನ ಆಗಿಲ್ಲ. ನಮ್ಮನ್ನು ಯಾರೂ ಕರೆಯಲಿಲ್ಲ, ಯಾರೂ ತಡೆಯಲೂ ಇಲ್ಲ.

ನಾವು ಇಳಿದುಕೊಂಡ ಮನೆಯ ಒಡತಿ ಸಂಜೆ ಬಾಗಿಲ ಹೊರಗೆ ಕುರ್ಚಿ ಹಾಕಿ ಕೂರುವವರು. ಅವರ ಅಣ್ಣ ಹಬ್ಬಕ್ಕೆ ಮೆಲ್ಬರ್ನ್‌ನಿಂದ ಬಂದಿದ್ದರು. ಎರಡನೇ ಮಹಾಯುದ್ಧದ ನಂತರ ಮಾಲ್ಟಾದಿಂದ ಸಾವಿರಾರು ಜನ ಆಸ್ಟ್ರೇಲಿಯಾಕ್ಕೆ ಹೋದರು, ಇವರನ್ನೂ ಚಿಕ್ಕ ಹುಡುಗನಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರಂತೆ. ಬಂದು ಏನೇನು ಮಾಡಿದಿರಿ ಅಂತ ಕೇಳಿದೆ. ಹಳೆ ಮನೆಯ ಮಾಡು ಸೋರುತ್ತಿತ್ತು, ಅದನ್ನು ರಿಪೇರಿ ಮಾಡಿಸಿದರು. ಆಸ್ತಿ ಪಾಲಿನ ವಿಷಯಕ್ಕೆ ವಕೀಲರ ಹತ್ತಿರ ಹೋದರು. ಮೂವರು ಅತ್ತೆಯರ ಮನೆಗೆ ಹೋದರು, ನಾಲ್ಕನೆಯವರು ಮುನಿಸಿಕೊಂಡಿದ್ದಾರೆ. ಸಮುದ್ರಕ್ಕೆ? "ಇನ್ನೂ ಹೋಗಲಾಗಲಿಲ್ಲ" ಅಂದರು. ಬಂದು ತಿಂಗಳಾಗುತ್ತ ಬಂದಿತ್ತು! "ಹಾಗಾದರೆ ರಜೆ ಯಾವಾಗ?" ಅಂದೆ. ಅವರು ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. "ಇದು ಮನೆ. ರಜೆಗೆ ನಾವು ಬಾಲಿಗೆ ಹೋಗುತ್ತೇವೆ."

ನಮ್ಮವರು ಮಾಡದೇ ಇರುವುದು ಇದನ್ನೇ. ಆ ಮನುಷ್ಯ ಎರಡು ಖಾತೆ ಇಟ್ಟಿದ್ದಾರೆ. ಊರಿನದು ಒಂದು, ತನ್ನದು ಒಂದು. ನಾವು ಎರಡನ್ನೂ ಒಂದಕ್ಕೇ ಹಾಕಿ, ಊರಿಗೆ ಹೋದಾಗ ವಿಶ್ರಾಂತಿ ಸಿಗಲಿಲ್ಲ ಅಂತ ಗೊಣಗುತ್ತೇವೆ. ಆ ಗೊಣಗು ಅಮ್ಮಂದಿರಿಗೆ ಕೇಳಿಸುತ್ತದೆ. ವರ್ಷವಿಡೀ ಅಪ್ಪ–ಅಮ್ಮನನ್ನು ನೋಡಿಕೊಂಡ ತಮ್ಮನಿಗೆ, ತಂಗಿಗೆ, ನಾವು ಬಂದು ದಣಿವಿನ ಕಥೆ ಹೇಳುವುದು ಹೇಗನಿಸಬೇಡ? ಊರಿಗೆ ಹೋಗುವುದು ಕೆಲಸ. ಪ್ರೀತಿಯ ಕೆಲಸ, ಮಾಡಲೇಬೇಕಾದದ್ದು. ಅದನ್ನು ರಜೆ ಅಂತ ಕರೆದ ಕೂಡಲೇ ಎರಡೂ ಕೆಡುತ್ತವೆ.

ನಮ್ಮ ಮ್ಯೂನಿಕ್ ಬಳಗದಲ್ಲಿ ಇದಕ್ಕೆ ವಿರೋಧ ಇದೆ. "ಹಿರಿಯರು ಇರುವಾಗ ಹೋಗಬೇಕು, ದ್ವೀಪ ಎಲ್ಲಿಗೂ ಓಡಿಹೋಗುವುದಿಲ್ಲ" ಅನ್ನುತ್ತಾರೆ. ದ್ವೀಪದ ಮಾತು ಪೂರ್ತಿ ಸರಿಯಲ್ಲ. ಗೋಜೊದ ಕಡಲಿನ ಆ ಹೆಸರಾಂತ ಕಲ್ಲಿನ ಕಮಾನು 2017ರ ಮಾರ್ಚ್ 8ರಂದು ಬಿರುಗಾಳಿಗೆ ಕುಸಿದು ಸಮುದ್ರ ಸೇರಿತು, ಈಗ ಅಲ್ಲಿ ಬರೀ ಆಕಾಶ ಇದೆ. ಆದರೆ ಹಿರಿಯರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇರುವ ದಿನಗಳನ್ನು ಹಂಚಿಕೊಳ್ಳಬೇಕು, ಅಷ್ಟೇ. ಇನ್ನು ಕೆಲವರು ಯೂರೋಪ್ ನೋಡುವುದೆಂದರೆ ಹತ್ತು ದಿನಕ್ಕೆ ಏಳು ದೇಶ ಅಂದುಕೊಂಡಿದ್ದಾರೆ. ಅವರ ಜೊತೆ ವಾದ ಮಾಡುವ ಶಕ್ತಿ ನನಗಿಲ್ಲ.

ಮಾಲ್ಟಾ ಸ್ವರ್ಗ ಅಂತಲೂ ಹೇಳುತ್ತಿಲ್ಲ. ಎಲ್ಲಿ ನೋಡಿದರೂ ಕ್ರೇನು, ಅರ್ಧ ಕಟ್ಟಿದ ಅಪಾರ್ಟ್‌ಮೆಂಟು, ಸಿಮೆಂಟಿನ ಧೂಳು. ಕೊಮಿನೊ ದ್ವೀಪದ ನೀಲಿ ನೀರನ್ನು ಫೋಟೋದಲ್ಲೇ ನೋಡಿ, ಹೋದರೆ ಕಾಣುವುದು ದೋಣಿಗಳು ಮತ್ತು ಬೆನ್ನುಗಳು. ಹೊಳೆ ಅನ್ನುವುದೇ ಇಲ್ಲದ ನಾಡು, ನಲ್ಲಿಯಲ್ಲಿ ಬರುವ ನೀರಿನ ದೊಡ್ಡ ಪಾಲು ಸಮುದ್ರದ ಉಪ್ಪು ತೆಗೆದದ್ದು. ಅದರಲ್ಲಿ ಕಾಫಿ ಮಾಡಿದರೆ ನಮ್ಮ ಪುಡಿಗೆ ಅವಮಾನ. ಫುಡ್ ಡೆಲಿವರಿ ಬೈಕುಗಳ ಮೇಲೆ ನಮ್ಮ ದೇಶದ ಹುಡುಗರು ನಡುಮಧ್ಯಾಹ್ನದ ಬಿಸಿಲಲ್ಲಿ ಓಡಾಡುತ್ತಿರುತ್ತಾರೆ. ಇಡೀ ದ್ವೀಪ ಕಿಟಕಿ ಮುಚ್ಚಿ ಮಲಗುವ ಹೊತ್ತು ಅದು. ಅವರಿಗೆ ಎಷ್ಟು ದಿನ ರಜೆ ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.

ಈ ವರ್ಷದ ಕ್ಯಾಲೆಂಡರ್ ನಾನೂ ಜನವರಿಯಲ್ಲೇ ತುಂಬಿಸಿದ್ದೇನೆ. ಶಾಲೆಗೆ ಮೇ ಕೊನೆಯಲ್ಲಿ ಎರಡು ವಾರ ಸಿಗುತ್ತದೆ, ಆದರೆ ಅಷ್ಟರಲ್ಲಿ ಕೋಲಗಳಿಗೆ ತೆರೆ ಎಳೆಯುವ ದಿನ ಪತ್ತನಾಜೆ ಬಂದು ಎಲ್ಲ ಮುಗಿದಿರುತ್ತವೆ, ಮಳೆ ಬಾಗಿಲಲ್ಲಿ ನಿಂತಿರುತ್ತದೆ. ಹಾಗಾಗಿ ಈಸ್ಟರ್ ರಜೆ ಊರಿಗೆ. ಮನೆಯ ನೇಮವನ್ನು ಅದಕ್ಕೆ ಹೊಂದುವ ಹಾಗೆ ಇಟ್ಟುಕೊಳ್ಳಲು ದೊಡ್ಡಪ್ಪ ಒಪ್ಪಿದ್ದಾರೆ. ಆಗಸ್ಟ್ ನಮಗೆ, ಬಹುಶಃ ಗ್ರೀಸಿನ ಕ್ರೀಟ್ ದ್ವೀಪ. ಇದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಏಣಿ ಹಿಡಿದು ಸಮುದ್ರಕ್ಕೆ ಇಳಿಯುವ ಜಾಗ ಅಲ್ಲೂ ಇದೆಯಾ, ಅರವತ್ತೆಂಟರವರಿಗೆ ಆಗುತ್ತದಾ ಅಂತ ಕೇಳಿದರು. ಶೆಂಗೆನ್ ವೀಸಾದ ಕಾಗದಪತ್ರ ಶುರು ಮಾಡಿದ್ದೇನೆ.