ಶಾಲೆ ಬಿಡುವವರನ್ನು ಉಳಿಸಿಕೊಳ್ಳಲು ವಿದ್ಯಾರ್ಥಿಗಳೇ ಮುಂದಾಳುಗಳಾಗಬೇಕೇ?

ಪರ: ಮೊದಲು ಗೊತ್ತಾಗುವುದು ಪಕ್ಕದ ಬೆಂಚಿಗೆ

ಯಾರೂ ಒಂದೇ ದಿನ ಶಾಲೆ ಬಿಡುವುದಿಲ್ಲ. ಮೊದಲು ಒಂದು ಸೋಮವಾರ ತಪ್ಪುತ್ತದೆ. ಆಮೇಲೆ ಗಣಿತ ಪರೀಕ್ಷೆಯ ದಿನ. ನಂತರ ವಾರಕ್ಕೆ ಎರಡು ದಿನ. ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದು ಹಾಕುವ ಹೊತ್ತಿಗೆ ಆ ಹುಡುಗ ಮನಸ್ಸಿನಲ್ಲೇ ಶಾಲೆ ಬಿಟ್ಟು ಎಷ್ಟೋ ತಿಂಗಳಾಗಿರುತ್ತದೆ. ಇದು ಮೊದಲು ಯಾರ ಕಣ್ಣಿಗೆ ಬೀಳುತ್ತದೆ? ಪಕ್ಕದ ಬೆಂಚಿನಲ್ಲಿ ಕೂತವರ ಕಣ್ಣಿಗೆ, ಅಲ್ವಾ?

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಬಾಲ್‌ಫಾಂಜ್ ಮತ್ತು ಸಂಗಡಿಗರು ಫಿಲಡೆಲ್ಫಿಯಾದ ಮಕ್ಕಳನ್ನು ಆರನೇ ತರಗತಿಯಿಂದ ವರ್ಷಗಟ್ಟಲೆ ಗಮನಿಸಿದರು. ಹಾಜರಿ ಶೇ 80ಕ್ಕಿಂತ ಕೆಳಗಿಳಿದವರು, ಗಣಿತದಲ್ಲೋ ಇಂಗ್ಲಿಷಿನಲ್ಲೋ ಫೇಲಾದವರು, ನಡತೆಯ ಬಗ್ಗೆ ದೂರು ಬಂದವರು, ಇವರಲ್ಲಿ ಹೆಚ್ಚಿನವರು ಸಮಯಕ್ಕೆ ಸರಿಯಾಗಿ ಹೈಸ್ಕೂಲ್ ಮುಗಿಸಲಿಲ್ಲ. ಈ ಸುಳಿವುಗಳನ್ನು ಹಿಡಿಯಲು ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಗೆಳೆಯನ ಕಣ್ಣು ಸಾಕು.

ಶಾಲೆ ಬಿಟ್ಟ ಸುಮಾರು 470 ಯುವಜನರನ್ನು ಮಾತಾಡಿಸಿ ಮಾಡಿದ ಸಮೀಕ್ಷೆಯೊಂದು 2006ರಲ್ಲಿ ಅಮೆರಿಕದಲ್ಲಿ ಹೊರಬಂತು. ಪಾಠ ಹಿಡಿಸಲಿಲ್ಲ ಎಂದು ಶೇ 47 ಮಂದಿ ಹೇಳಿದರು. ಯಾವ ಪಾಠ ಎಲ್ಲಿ ಬೇಸರ ತರುತ್ತದೆ ಎಂದು ಬೆಂಚಿನಲ್ಲಿ ಕೂತವರೇ ಹೇಳಬೇಕು.

ನನಗೆ ತುಂಬಾ ಹಿಡಿಸಿದ ಉದಾಹರಣೆ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದ್ದು. ಅಲ್ಲಿ 1984ರಲ್ಲಿ 'ವ್ಯಾಲ್ಯೂಡ್ ಯೂತ್' ಎಂಬ ಕಾರ್ಯಕ್ರಮ ಶುರುವಾಯಿತು. ಇನ್ನೇನು ಶಾಲೆ ಬಿಡುತ್ತಾರೆ ಅನ್ನಿಸಿದ ಮಕ್ಕಳನ್ನೇ ಕರೆದು, ಚಿಕ್ಕ ತರಗತಿಯ ಮಕ್ಕಳಿಗೆ ಪಾಠ ಹೇಳಿಕೊಡುವ ಕೆಲಸ ಕೊಟ್ಟರು. ಒಂದಿಷ್ಟು ಹಣವನ್ನೂ ಕೊಟ್ಟರು. ಎರಡು ವರ್ಷದ ನಂತರ ಲೆಕ್ಕ ಹಾಕಿದರೆ, ಪಾಠ ಹೇಳಿದವರಲ್ಲಿ ಶಾಲೆ ಬಿಟ್ಟವರು ಶೇ 1. ಪಾಠ ಹೇಳದ ಅಂಥದೇ ಇನ್ನೊಂದು ಗುಂಪಿನಲ್ಲಿ ಶೇ 12. ಹಿಂದಿನ ಬೆಂಚಿನ ಹುಡುಗನನ್ನು ಒಂದು ಪುಟ್ಟ ಮಗು 'ಸರ್' ಎಂದು ಕಾಯುತ್ತಿದ್ದರೆ ಅವನು ಬೆಳಗ್ಗೆ ಎದ್ದು ಬಂದೇ ಬರುತ್ತಾನೆ.

ಮಕ್ಕಳ ತಲೆಗೆ ಇದನ್ನೆಲ್ಲ ಕಟ್ಟಬಾರದು ಎನ್ನುವವರಿದ್ದಾರೆ. ಮಕ್ಕಳಿಗೆ ಏನೂ ತಿಳಿಯುವುದಿಲ್ಲ ಎಂಬ ಹಳೇ ಮಾತೇ ಅದು. ಮನೆಯ ಬಡತನವನ್ನು ವಿದ್ಯಾರ್ಥಿ ತಂಡ ನೀಗಿಸಲಾರದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ತಮಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕನ್ನು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 12ನೇ ವಿಧಿಯಲ್ಲೇ ಕೊಟ್ಟಿದೆ. ಆ ಹಕ್ಕು ಶಾಲೆಯ ಗೇಟಿನಲ್ಲಿ ನಿಂತುಹೋಗಬಾರದು.

ವಿರೋಧ: ನನ್ನ ಕೈಗೆ ಆ ಪಟ್ಟಿ ಕೊಡಬಾರದಿತ್ತು

ನಾನು ಹತ್ತನೇ ತರಗತಿಯಲ್ಲಿದ್ದಾಗ ಕ್ಲಾಸ್ ಲೀಡರ್. ಶಾಲೆಗೆ ಬಾರದವರನ್ನು ಕರೆತರಲು ಐದು ಜನರ ತಂಡ ಮಾಡಿದ್ದರು. ನಮಗೆಲ್ಲ ಬ್ಯಾಡ್ಜ್ ಇತ್ತು. ಕೈಯಲ್ಲಿ ಹೆಸರಿನ ಪಟ್ಟಿ, ಪ್ರತಿ ಹೆಸರಿನ ಮುಂದೆ 'ಕಾರಣ' ಎಂಬ ಖಾಲಿ ಜಾಗ.

ಪಟ್ಟಿಯ ಮೂರನೇ ಹೆಸರು ನನ್ನ ಗೆಳತಿಯದು. ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಬಾಗಿಲು ತೆರೆದಾಗ ಸೊಂಟದ ಮೇಲೆ ತಮ್ಮ ಇದ್ದ. ಒಳಗೆ ಅವಳ ಅಮ್ಮ ಮಲಗಿದ್ದರು, ಏಳುವ ಸ್ಥಿತಿಯಲ್ಲಿರಲಿಲ್ಲ. ಅವಳು ನನ್ನ ಬ್ಯಾಡ್ಜ್ ನೋಡಿ ಮೊದಲು ಕೇಳಿದ್ದು ಒಂದೇ ಮಾತು: "ಟೀಚರ್ ಕಳಿಸಿದ್ರಾ?" ನಾನು, ಇಲ್ಲ, ಸುಮ್ನೆ ಬಂದೆ ಅಂದೆ. ಆಗ ಅವಳು ಎಲ್ಲ ಹೇಳಿದಳು. ಅಪ್ಪ ಮನೆ ಬಿಟ್ಟು ಹೋಗಿದ್ದು, ಅಮ್ಮನ ಕಾಯಿಲೆ, ಎಲ್ಲ. ಯಾರಿಗೂ ಹೇಳಬೇಡ ಎಂದು ಕೈ ಹಿಡಿದುಕೊಂಡಳು.

ಮರುದಿನ ನಾನು ಆ ಖಾಲಿ ಜಾಗ ತುಂಬಿದೆ. ಅದು ನನ್ನ ಕರ್ತವ್ಯ ಅಂತಲೇ ನಂಬಿದ್ದೆ. ತಂಡದ ಸಭೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಸಂಜೆಯೊಳಗೆ ತರಗತಿಗೆಲ್ಲ ಗೊತ್ತಾಗಿತ್ತು. ಅವಳು ಮತ್ತೆ ಬರಲಿಲ್ಲ. ನನ್ನೊಂದಿಗೆ ಮಾತೂ ಆಡಲಿಲ್ಲ.

ಹದಿನೈದು ವರ್ಷದ ನನಗೆ ಗುಟ್ಟು ಕಾಪಾಡುವುದು ಹೇಗೆ, ಯಾವುದನ್ನು ಯಾರಿಗೆ ಹೇಳಬೇಕು ಎಂದು ಒಬ್ಬರೂ ಹೇಳಿಕೊಟ್ಟಿರಲಿಲ್ಲ. ದೊಡ್ಡವರಾದ ಸಮಾಲೋಚಕರು ಇದನ್ನು ಕಲಿಯಲು ವರ್ಷಗಟ್ಟಲೆ ತರಬೇತಿ ಪಡೆಯುತ್ತಾರೆ. ನಮಗೆ ಕೊಟ್ಟಿದ್ದು ಬ್ಯಾಡ್ಜ್.

2006ರ ಆ ಸಮೀಕ್ಷೆಯನ್ನು ಎಲ್ಲರೂ ಹೇಳುತ್ತಾರೆ. ಪಾಠ ಬೋರ್ ಅಂದವರ ಲೆಕ್ಕ ಮಾತ್ರ ಹೇಳುತ್ತಾರೆ. ಅದರಲ್ಲೇ ಶೇ 32 ಮಂದಿ ದುಡಿಯಲು ಹೋಗಬೇಕಾಯಿತು ಅಂದಿದ್ದರು. ಶೇ 26 ಮಂದಿ ತಾಯಿಯೋ ತಂದೆಯೋ ಆಗಿದ್ದರು. ಶೇ 22 ಮಂದಿ ಮನೆಯಲ್ಲಿ ಯಾರನ್ನೋ ನೋಡಿಕೊಳ್ಳಬೇಕಿತ್ತು. ಇದರಲ್ಲಿ ಯಾವುದನ್ನು ಒಬ್ಬ ಕ್ಲಾಸ್ ಲೀಡರ್ ಸರಿ ಮಾಡುತ್ತಾನೆ? ಗೋಡೆಗೆ ಪೋಸ್ಟರ್ ಅಂಟಿಸುತ್ತಾನೆ, ಮೈಕ್ ಹಿಡಿದು ಭಾಷಣ ಮಾಡುತ್ತಾನೆ, ಫೋಟೋಗೆ ನಿಲ್ಲುತ್ತಾನೆ. ಯುನಿಸೆಫ್‌ಗಾಗಿ 1992ರಲ್ಲಿ ರೋಜರ್ ಹಾರ್ಟ್ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ತೋರಿಸಿದ್ದರು. ಕೆಳಗಿನ ಮೂರು ಮೆಟ್ಟಿಲುಗಳು: ಮಕ್ಕಳನ್ನು ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಸೇರಿಸಿಕೊಳ್ಳುವುದು. ಈ ಮೂರೂ ಭಾಗವಹಿಸುವಿಕೆಯೇ ಅಲ್ಲ ಎಂದು ಅವರು ಹೇಳಿದ್ದರು. ನಮ್ಮ ತಂಡ ಆ ಮೂರು ಮೆಟ್ಟಿಲು ದಾಟಿರಲಿಲ್ಲ.

ಸ್ಯಾನ್ ಆಂಟೋನಿಯೋದ ಮಕ್ಕಳಿಗೆ ಹಣ ಕೊಟ್ಟಿದ್ದರು, ಹಿಂದೆ ಶಿಕ್ಷಕರು ನಿಂತಿದ್ದರು. ಅದನ್ನು ನಾಯಕತ್ವ ಅನ್ನುವುದಾದರೆ ಅನ್ನಲಿ. ನನಗಂತೂ ಅದು ದೊಡ್ಡವರು ಸರಿಯಾಗಿ ಮಾಡಿದ ಕೆಲಸದ ಹಾಗೆ ಕಾಣುತ್ತದೆ.

ನನಗೆ ನಂಬಿಕೆ ಇರುವುದು ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1990ರಲ್ಲಿ ಹುಟ್ಟಿದ 'ಚೆಕ್ ಆ್ಯಂಡ್ ಕನೆಕ್ಟ್' ರೀತಿಯ ಕೆಲಸದಲ್ಲಿ. ತರಬೇತಿ ಪಡೆದ ಒಬ್ಬ ದೊಡ್ಡವರು ಒಂದು ಮಗುವಿನ ಜೊತೆ ಕನಿಷ್ಠ ಎರಡು ವರ್ಷ ಇರುತ್ತಾರೆ. ಹಾಜರಿ ನೋಡುತ್ತಾರೆ, ಮನೆಯವರೊಂದಿಗೆ ಮಾತಾಡುತ್ತಾರೆ. ಇದಕ್ಕೆ ದುಡ್ಡು ಜಾಸ್ತಿ ಬೇಕು. ಅದಕ್ಕೇ ವಿದ್ಯಾರ್ಥಿ ತಂಡ ಅಷ್ಟು ಬೇಗ ಹುಟ್ಟಿಕೊಳ್ಳುತ್ತದೆ.

12ನೇ ವಿಧಿಯನ್ನು ನಾನೂ ಗೌರವಿಸುತ್ತೇನೆ. ಅದೇ ಒಡಂಬಡಿಕೆಯ 28ನೇ ವಿಧಿ, ಮಕ್ಕಳು ಶಾಲೆ ಬಿಡುವುದನ್ನು ಕಡಿಮೆ ಮಾಡುವ ಹೊಣೆಯನ್ನು ಸರ್ಕಾರಗಳಿಗೆ ಕೊಟ್ಟಿದೆ.

ಹಗಲು ಹೊತ್ತು ಅವಳ ಅಮ್ಮನನ್ನೂ ತಮ್ಮನನ್ನೂ ನೋಡಿಕೊಳ್ಳಲು ಒಬ್ಬರು ಸಿಕ್ಕಿದ್ದರೆ ನನ್ನ ಗೆಳತಿ ಮರುದಿನವೇ ಬರುತ್ತಿದ್ದಳು. ಅದನ್ನು ಹೊಂದಿಸುವುದು ನನ್ನಿಂದ ಆಗುತ್ತಿರಲಿಲ್ಲ. ಅದು ಯಾರ ಕೈಯಲ್ಲಿತ್ತೋ, ಅವರು ಆ ದಿನ ನನ್ನನ್ನು ಕಳಿಸಿದರು.