ಹಿರಿಯರ ಮನೆ ಕಂದಾಯ: ಮನ್ನಾ ಬೇಡ, ಮುಂದೂಡಿ ಸಾಕು

ಇದನ್ನು ಓದಿ ನಮ್ಮ ಬಡಾವಣೆಯ ಅರ್ಧ ಜನ ನನ್ನ ಜೊತೆ ಮಾತು ಬಿಡಬಹುದು. ಪರವಾಗಿಲ್ಲ. ಏಪ್ರಿಲ್ ಬಂದರೆ ಆನ್‌ಲೈನ್‌ನಲ್ಲಿ ಕಂದಾಯ ಕಟ್ಟಿಸಿಕೊಳ್ಳೋಕೆ ಹೇಗೂ ನಮ್ಮ ಮನೆಗೇ ಬರುತ್ತಾರೆ.

ನಮ್ಮ ನಿವಾಸಿಗಳ ಸಂಘದ ಸಭೆಯಲ್ಲಿ ಮೊನ್ನೆ ಇದೇ ಮಾತು. ಬೆಂಗಳೂರಿನ ಪಾಲಿಕೆ ಒಂದಿದ್ದದ್ದು ಐದಾಗಿದೆ. ವೋಟು ಕೇಳೋರು ಕೈ ಮುಗಿದುಕೊಂಡು ಬಂದಾಗ ಒಂದು ಮನವಿ ಕೊಟ್ಟುಬಿಡೋಣ, ಅರವತ್ತು ದಾಟಿದವರ ಸ್ವಂತ ಮನೆಗೆ ಅರ್ಧ ಕಂದಾಯ ಅಂತ ಬರೆಯೋಣ ಎಂದರು. ನಾನು ಸಹಿ ಹಾಕಲಿಲ್ಲ. "ನಿಮ್ಮ ಮನೆಯಲ್ಲಿ ವಯಸ್ಸಾದವರು ಇಲ್ವೇನಮ್ಮ?" ಅಂತ ಒಬ್ಬರು ಕೇಳಿಯೇಬಿಟ್ಟರು. ಇದ್ದಾರೆ ಸ್ವಾಮಿ. ನಮ್ಮ ಅತ್ತೆಗೆ 81. ನನಗೂ ಅರವತ್ತೇನು ದೂರ ಇಲ್ಲ.

ಹಿರಿಯರಿಗೆ ಕಷ್ಟ ಇಲ್ಲ ಅಂತ ನಾನು ಹೇಳುತ್ತಿಲ್ಲ. ಖಾಸಗಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರಿಗೆ ಬರೋ ಇಪಿಎಸ್-95 ಪಿಂಚಣಿ ಎಷ್ಟು ಗೊತ್ತಲ್ಲ? ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ ಅಂತ 2014ರಲ್ಲಿ ಗೊತ್ತು ಮಾಡಿದರು. ಆಮೇಲೆ ಅದನ್ನು ಹೆಚ್ಚಿಸಿ ಅಂತ ಎಷ್ಟು ಧರಣಿಗಳಾದವೋ. ಸರ್ಕಾರಿ ಪೆನ್ಷನ್ ಇರೋರ ಕಥೆ ಬೇರೆ. ಅವರನ್ನೂ ಇವರನ್ನೂ "ಹಿರಿಯ ನಾಗರಿಕರು" ಅಂತ ಒಂದೇ ಸಾಲಿನಲ್ಲಿ ನಿಲ್ಲಿಸೋದೇ ನನ್ನ ಮೊದಲ ತಕರಾರು.

ಇನ್ನು ಕಂದಾಯ ಎಷ್ಟು ಬರುತ್ತೆ ಅನ್ನೋದನ್ನೂ ನೋಡಿ. ಮನವಿ ಬರೆಯೋ ಗಲಾಟೆಯಲ್ಲಿ ಯಾರೂ ಲೆಕ್ಕ ಹಾಕಲಿಲ್ಲ. ಬೆಂಗಳೂರಿನಲ್ಲಿ 2008ರಿಂದ ಯೂನಿಟ್ ಏರಿಯಾ ಪದ್ಧತಿ. ಊರನ್ನು ಎ ಯಿಂದ ಎಫ್‌ವರೆಗೆ ಆರು ವಲಯ ಮಾಡಿ, ಚದರ ಅಡಿಗೆ ತಿಂಗಳಿಗೆ ಇಷ್ಟು ಅಂತ ಒಂದು ದರ ಇಟ್ಟರು. ಅದನ್ನು ವರ್ಷಕ್ಕೆ ಹತ್ತು ತಿಂಗಳ ಲೆಕ್ಕದಲ್ಲಿ ಗುಣಿಸಿ, ಕಟ್ಟಡ ಹಳೆಯದಾದಷ್ಟೂ ಸವಕಳಿ ಅಂತ ಒಂದಿಷ್ಟು ಕಳೆದು, ಉಳಿದದ್ದರಲ್ಲಿ ಶೇ. 20 ತೆರಿಗೆ, ಅದರ ಮೇಲೆ ಸೆಸ್. ಆಗ ಬಿ ವಲಯದ ಆರ್‌ಸಿಸಿ ಮನೆಯಲ್ಲಿ ನಾವೇ ಇದ್ದರೆ ದರ 2 ರೂಪಾಯಿ, ಬಾಡಿಗೆಗೆ ಕೊಟ್ಟರೆ 4. ಮುಂದೆ 2016ರಲ್ಲಿ ವಾಸದ ಮನೆಗಳಿಗೆ ಶೇ. 20 ಏರಿಸಿದರು. ಹಾಗಾಗಿ ಸಾವಿರ ಚದರ ಅಡಿಯ ಮನೆಯಲ್ಲಿ ತಾವೇ ಇರೋರಿಗೆ, ಸವಕಳಿ ಕಳೆಯೋ ಮೊದಲೇ, ಸೆಸ್ ಎಲ್ಲಾ ಸೇರಿ ಆರು ಸಾವಿರದ ಆಸುಪಾಸು. 2025ರ ಏಪ್ರಿಲ್‌ನಿಂದ ಇದರ ಜೊತೆ ಕಸದ ಶುಲ್ಕ ಬೇರೆ ಸೇರಿಕೊಂಡಿದೆ. ಸಾವಿರ ದಾಟಿದ, ಎರಡು ಸಾವಿರ ಅಡಿವರೆಗಿನ ಮನೆಗೆ ತಿಂಗಳಿಗೆ 100, ಅಂದರೆ ವರ್ಷಕ್ಕೆ 1,200.

ಸಾವಿರ ರೂಪಾಯಿ ಪಿಂಚಣಿಯವರಿಗೆ ಇದು ದೊಡ್ಡ ಮೊತ್ತವೇ. ಬ್ಯಾಂಕಿನಲ್ಲಿ ಡಿಪಾಸಿಟ್ ಇಟ್ಟು, ಮೇಲಿನ ಎರಡು ಮಹಡಿ ಬಾಡಿಗೆಗೆ ಕೊಟ್ಟು, ತಿಂಗಳಿಗೆ ನಲವತ್ತು ಐವತ್ತು ಸಾವಿರ ತೆಗೆಯೋರಿಗೆ ಅಲ್ಲ. ನಮ್ಮ ಸಭೆಯಲ್ಲಿ ಜಾಸ್ತಿ ಮಾತಾಡಿದವರು ಈ ಎರಡನೆಯವರು. ಮೊದಲನೆಯವರು ಸಭೆಗೇ ಬಂದಿರಲಿಲ್ಲ.

ನಮ್ಮ ಹಿಂದಿನ ಕ್ರಾಸಿನಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಪ್ರತಿ ಏಪ್ರಿಲ್ ಹಳೆಯ ರಸೀದಿಗಳ ಒಂದು ಪ್ಲಾಸ್ಟಿಕ್ ಕವರ್ ತರುತ್ತಾರೆ, ಅದರೊಳಗೆ ಇನ್ನೊಂದು ಕವರ್, ಅದರೊಳಗೆ ಲಾಟರಿ ಕಂಪನಿಯ ಕ್ಯಾಲೆಂಡರಿನ ದಪ್ಪ ಹಾಳೆಯಲ್ಲಿ ಸುತ್ತಿದ ಚಲನ್‌ಗಳು. ನಾನು ಅರ್ಜಿ ಸಂಖ್ಯೆ ಹಾಕುತ್ತೇನೆ. ಸ್ಕ್ರೀನ್ ಮೇಲೆ ಅವರ ಯಜಮಾನರ ಹೆಸರು ಬರುತ್ತೆ. ಅವರು ಹೋಗಿ ಎಷ್ಟೋ ವರ್ಷ ಆಯಿತು, ಖಾತೆ ಮಾತ್ರ ಇನ್ನೂ ಅವರ ಹೆಸರಿನಲ್ಲೇ ಇದೆ. ಬದಲಾಯಿಸಬೇಕು ಅಂದರೆ ಮರಣ ಪತ್ರ, ವಂಶವೃಕ್ಷ, ಮಕ್ಕಳೆಲ್ಲರ ಒಪ್ಪಿಗೆ. ಒಬ್ಬ ಮಗ ಇನ್ನೊಬ್ಬನ ಜೊತೆ ಮಾತಾಡಲ್ಲ. ಕಚೇರಿಯಲ್ಲಿ ಯಾವುದೋ ಕಾಗದ ಸಾಲದು ಅಂತ ವಾಪಸ್ ಕಳಿಸಿದರಂತೆ, ಮತ್ತೆ ಅವರು ಆ ಕಡೆ ತಲೆ ಹಾಕಿಲ್ಲ. ಕಂದಾಯ ಕಟ್ಟೋಕೆ ಖಾತೆ ಯಾರ ಹೆಸರಲ್ಲಿದ್ದರೂ ನಡೆಯುತ್ತೆ, ದುಡ್ಡು ಬಂದರೆ ಆಯ್ತು. ರಿಯಾಯಿತಿ ಕೊಡೋವಾಗ ಹಾಗೆ ನಡೆಯಲ್ಲ. ಮಾಲೀಕರ ಆಧಾರ್ ತನ್ನಿ ಅನ್ನುತ್ತಾರೆ, ವಯಸ್ಸಿನ ದಾಖಲೆ ತನ್ನಿ ಅನ್ನುತ್ತಾರೆ. ದಾಖಲೆಯಲ್ಲಿರೋ ಮಾಲೀಕರು ಸ್ವರ್ಗದಲ್ಲಿದ್ದಾರೆ.

ಅಂದರೆ ಯಾರಿಗೆ ನಿಜವಾಗಿ ಬೇಕೋ ಅವರ ಕೈಗೆ ಈ ಅರ್ಧ ಕಂದಾಯ ಸಿಗೋದೇ ಇಲ್ಲ. ಇ-ಖಾತೆ ಮಾಡಿಸಿ, ಎಲ್ಲಾ ಕಾಗದ ನೆಟ್ಟಗೆ ಇಟ್ಟುಕೊಂಡ, ಮಗನೋ ಅಳಿಯನೋ ಲ್ಯಾಪ್‌ಟಾಪ್ ಮುಂದೆ ಕೂತು ಮಾಡಿಕೊಡೋ ಮನೆಗಳಿಗೆ ಸಿಗುತ್ತೆ.

"ಬೇರೆ ಊರಲ್ಲಿ ಕೊಡಲ್ವಾ?" ಅಂತ ಕೇಳುತ್ತೀರಿ. ಕೊಡುತ್ತಾರೆ. ದೆಹಲಿಯಲ್ಲಿ ಹಿರಿಯ ನಾಗರಿಕರು ಸ್ವಂತ ವಾಸದ ಒಂದು ಆಸ್ತಿಗೆ, 200 ಚದರ ಮೀಟರ್‌ವರೆಗೆ, ಶೇ. 30 ರಿಯಾಯಿತಿ ಪಡೆಯುತ್ತಾರೆ. ಮುಂಬೈನಲ್ಲಿ 2022ರಿಂದ 500 ಚದರ ಅಡಿಯೊಳಗಿನ ಮನೆಗಳಿಗೆ ತೆರಿಗೆಯನ್ನೇ ತೆಗೆದುಹಾಕಿದರು, ಅಲ್ಲಿ ವಯಸ್ಸು ಕೇಳೋದೇ ಇಲ್ಲ, ಮನೆ ಚಿಕ್ಕದಾಗಿದ್ದರೆ ಆಯ್ತು. ನನಗೆ ಮುಂಬೈನದ್ದು ದೆಹಲಿಗಿಂತ ನ್ಯಾಯ ಅನ್ನಿಸುತ್ತೆ. ಪುಣೆಯದ್ದು ಇನ್ನೊಂದು ಕಥೆ. ಸ್ವಂತ ವಾಸದ ಮನೆಗಳಿಗೆ ದಶಕಗಳಿಂದ ಕೊಡುತ್ತಿದ್ದ ಶೇ. 40 ರಿಯಾಯಿತಿಯನ್ನು 2019ರಲ್ಲಿ ಕಿತ್ತುಕೊಂಡರು, ಜನ ಬೀದಿಗಿಳಿದ ಮೇಲೆ 2023ರಲ್ಲಿ ವಾಪಸ್ ಕೊಟ್ಟರು. ರೈಲ್ವೆಯವರು ಹಿರಿಯರ ಟಿಕೆಟ್ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೊರೊನಾ ಹೆಸರು ಹೇಳಿ ನಿಲ್ಲಿಸಿದ್ದು ನೆನಪಿದೆಯಲ್ಲ? ಕೊರೊನಾ ಹೋಯಿತು, ರಿಯಾಯಿತಿ ಬರಲಿಲ್ಲ. ಹೀಗೆ ಕೊಟ್ಟ ರಿಯಾಯಿತಿಯನ್ನು ನಂಬಿಕೊಂಡು ಮುದಿ ವಯಸ್ಸಿನ ಲೆಕ್ಕಾಚಾರ ಹಾಕೋಕಾಗಲ್ಲ.

ಸರಿ, ಎಲ್ಲರ ಕೈಗೂ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಆಗ ಲಾಭ ಯಾರಿಗೆ? ಹನುಮಂತನಗರ, ಗಿರಿನಗರ, ಜಯನಗರದ ಕಡೆ ಒಂದು 30–40 ಸೈಟಿನ ಹಳೇ ಮನೆ ಅಂದರೆ ಕೋಟಿಗಳ ಮಾತು. ಅಪ್ಪ ಅಮ್ಮ ಹದಿನೈದು ವರ್ಷ ಅರ್ಧ ಕಂದಾಯ ಕಟ್ಟುತ್ತಾರೆ, ಆಮೇಲೆ ಮಕ್ಕಳು ಬಂದು ಬಿಲ್ಡರ್‌ಗೆ ಕೊಟ್ಟು ಕೋಟಿಗಳನ್ನು ಹಂಚಿಕೊಳ್ಳುತ್ತಾರೆ. ಅಷ್ಟು ವರ್ಷ ಕಟ್ಟದೇ ಉಳಿದ ಅರ್ಧ ಯಾರ ಜೇಬಿಗೆ ಹೋಯಿತು? ಅದೇ ಹದಿನೈದು ವರ್ಷ ಹೆಗ್ಗನಹಳ್ಳಿಯಲ್ಲೋ ಬೇಗೂರಿನಲ್ಲೋ ಸಾಲ ಮಾಡಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಂಡ ಹುಡುಗ ಹುಡುಗಿ ಪೂರ್ತಿ ಕಂದಾಯ ಕಟ್ಟಿರುತ್ತಾರೆ. ಬಾಡಿಗೆ ಮನೆಯಲ್ಲೇ ಮುದುಕರಾದವರ ಸುದ್ದಿಯಂತೂ ಈ ಮನವಿಯಲ್ಲಿ ಇಲ್ಲವೇ ಇಲ್ಲ. ಅವರ ಓನರ್ ಕಂದಾಯ ಏರಿತು ಅಂತ ಬಾಡಿಗೆ ಏರಿಸಿದಾಗ ಅವರು ಯಾರಿಗೆ ಮನವಿ ಕೊಡಬೇಕು?

ಇದು ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನೋಡಬೇಕಾದರೆ ಕ್ಯಾಲಿಫೋರ್ನಿಯಾ ಇದೆ, ನಮ್ಮವರ ಅರ್ಧ ಮಕ್ಕಳು ಅಲ್ಲೇ ಇದ್ದಾರಲ್ಲ. 1978ರಲ್ಲಿ ಪ್ರೊಪೊಸಿಷನ್ 13 ಅಂತ ಜನಮತದಿಂದ ಒಂದು ನಿಯಮ ತಂದರು. ಮನೆ ಕೊಂಡಾಗಿನ ಬೆಲೆಯೇ ತೆರಿಗೆಗೆ ಆಧಾರ, ವರ್ಷಕ್ಕೆ ಶೇ. 2ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ವಯಸ್ಸಾದವರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳಬಾರದು ಅನ್ನೋ ಕೂಗು ಇದರ ಹಿಂದೆ ಜೋರಾಗಿತ್ತು. ಈಗ ಫ್ರೀಮಾಂಟ್‌ನಲ್ಲಿ ಹೊಸದಾಗಿ ಮನೆ ತಗೊಂಡ ನಮ್ಮ ಹುಡುಗರು ಪಕ್ಕದ ಅಂಥದ್ದೇ ಮನೆಯ ಹಳಬರಿಗಿಂತ ಎಷ್ಟೋ ಪಟ್ಟು ಹೆಚ್ಚು ಕಟ್ಟುತ್ತಾರೆ. ಮಕ್ಕಳು ಅಪ್ಪನ ಮನೆಯನ್ನೂ ಅಪ್ಪನ ಹಳೇ ತೆರಿಗೆಯನ್ನೂ ಒಟ್ಟಿಗೇ ಪಡೆದು, ಆ ಮನೆಯನ್ನು ಬಾಡಿಗೆಗೆ ಬಿಟ್ಟುಕೊಂಡು ಆರಾಮಾಗಿದ್ದರು. ಅದಕ್ಕೆ ಕಡಿವಾಣ ಹಾಕೋಕೆ 2020ರಲ್ಲಿ ಮತ್ತೊಂದು ಜನಮತ ಬೇಕಾಯಿತು.

ಹಾಗಾದರೆ ಏನು ಮಾಡಬೇಕು? ಮುಂದೂಡಿ. ಅಷ್ಟೇ ನಾನು ಹೇಳೋದು. ಇಂತಿಷ್ಟು ವಯಸ್ಸು ದಾಟಿದವರು, ತಾವೇ ವಾಸ ಇರೋ ಒಂದೇ ಮನೆಗೆ, ಬೇಕೆಂದರೆ ಕಂದಾಯ ಈಗ ಕಟ್ಟದೇ ಇರಬಹುದು. ಅದು ಆಸ್ತಿಯ ಲೆಕ್ಕದಲ್ಲಿ ಬಾಕಿ ಅಂತ ಸಣ್ಣ ಬಡ್ಡಿ ಸಮೇತ ಬರೆದಿರುತ್ತೆ. ದಂಡ ಇಲ್ಲ, ನೋಟಿಸ್ ಇಲ್ಲ, ಬಾಗಿಲಿಗೆ ಚೀಟಿ ಅಂಟಿಸೋದಿಲ್ಲ. ಮನೆ ಮಾರಿದಾಗ ಅಥವಾ ಖಾತೆ ಮಕ್ಕಳ ಹೆಸರಿಗೆ ಹೋಗೋವಾಗ ಒಟ್ಟಿಗೆ ವಸೂಲಿ. ಆಗ ದುಡ್ಡು ಇರುತ್ತಲ್ಲ!

ಇದೇನು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಟೆಕ್ಸಾಸ್‌ನಲ್ಲಿ 65 ದಾಟಿದವರು ತಮ್ಮ ವಾಸದ ಮನೆಯ ತೆರಿಗೆಯನ್ನು ಹೀಗೆ ಮುಂದೂಡಬಹುದು, ವರ್ಷಕ್ಕೆ ಶೇ. 5 ಬಡ್ಡಿ. ಅವರು ತೀರಿಕೊಂಡರೆ, ಸಂಗಾತಿಗೆ 55 ದಾಟಿದ್ದರೆ, ಅವರೂ ಮುಂದುವರಿಸಬಹುದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇನ್ನೂ ಚೆನ್ನಾಗಿದೆ. ಅಲ್ಲಿ 55ಕ್ಕೇ ಶುರು, ಮತ್ತೆ ಮುಂದೂಡಿದವರ ಪರವಾಗಿ ಪ್ರಾಂತ್ಯ ಸರ್ಕಾರವೇ ಊರಿನ ಪಾಲಿಕೆಗೆ ದುಡ್ಡು ಕಟ್ಟಿಬಿಡುತ್ತೆ. ಪಾಲಿಕೆಗೆ ಆ ವರ್ಷದ ಕಸಕ್ಕೆ, ಬೀದಿ ದೀಪಕ್ಕೆ ಕಾಸಿಲ್ಲ ಅನ್ನೋ ಮಾತೇ ಬರಲ್ಲ. ನಮ್ಮಲ್ಲಿ ಇದನ್ನು ವಿಧಾನಸೌಧ ಮಾಡಬೇಕು, ಕಾಯ್ದೆಗೇ ತಿದ್ದುಪಡಿ ಬೇಕಾಗುತ್ತೆ. ಕಾರ್ಪೊರೇಟರ್ ಆಗಿ ಬರೋರು ಒತ್ತಾಯ ಮಾಡಬಹುದು ಅಷ್ಟೇ. 2020ರ ಸೆಪ್ಟೆಂಬರ್‌ನಲ್ಲಿ ಹಳೇ ಕೌನ್ಸಿಲಿನ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆ ಒತ್ತಾಯ ಮಾಡೋಕೂ ಒಬ್ಬರು ಇರಲಿಲ್ಲ, ಅಧಿಕಾರಿಗಳೇ ಎಲ್ಲಾ.

ಸಂಘದಲ್ಲಿ ಇದನ್ನು ಹೇಳಿದ್ದಕ್ಕೆ ನಮ್ಮ ಮೇಷ್ಟ್ರು ಒಬ್ಬರು ಬೇಜಾರು ಮಾಡಿಕೊಂಡರು. "ಸಾಲ ತಲೆ ಮೇಲೆ ಇಟ್ಟುಕೊಂಡು ಸಾಯಿ ಅಂತೀಯಾ ನನ್ನನ್ನ?" ಅಂದರು. ಇದು ಸುಮ್ನೆ ತಳ್ಳಿಹಾಕೋ ಮಾತಲ್ಲ. ರಿವರ್ಸ್ ಮಾರ್ಟ್‌ಗೇಜ್ ಅಂತ 2007ರ ಕೇಂದ್ರ ಬಜೆಟ್‌ನಲ್ಲಿ ದೊಡ್ಡದಾಗಿ ಹೇಳಿದರು, ಮನೆ ಮೇಲೆ ಬ್ಯಾಂಕೇ ತಿಂಗಳು ತಿಂಗಳು ದುಡ್ಡು ಕೊಡುತ್ತೆ ಅಂತ. ನಮ್ಮ ಜನ ಹತ್ತಿರವೂ ಸುಳಿಯಲಿಲ್ಲ. ಸ್ವಂತ ಮನೆ ಅಡ ಇಡೋದು ಅಂದರೆ ಮಾನ ಹೋದ ಹಾಗೆ ನಮಗೆ. ಮೇಷ್ಟ್ರಿಗೆ ನಾನು ಹೇಳಿದ್ದಿಷ್ಟೇ: ನಿಮಗೆ ಬೇಡವಾದರೆ ಕಟ್ಟಿ, ಸಾರ್. ಕಟ್ಟೋ ಶಕ್ತಿ ಇದ್ದು ಕಟ್ಟೋರನ್ನು ಯಾರೂ ತಡೆಯಲ್ಲ. ಮಾತ್ರೆಗೂ ಕಂದಾಯಕ್ಕೂ ಒಂದೇ ದುಡ್ಡು ಇರೋರಿಗೆ ಒಂದು ದಾರಿ ಇರಲಿ.

ಜಾಸ್ತಿ ವಿರೋಧ ಬಂದದ್ದು ಮಾತ್ರ ಮಕ್ಕಳ ಕಡೆಯಿಂದ. ಅಪ್ಪನನ್ನು ಬಿಡೋಕೆ ಬಂದಿದ್ದ ಒಬ್ಬ ಹುಡುಗ ಕೇಳಿದ, "ಹಾಗಾದ್ರೆ ಕೊನೆಗೆ ನಾವೇ ಕಟ್ಟಬೇಕಲ್ಲ ಆಂಟಿ?" ಹೌದು ಕಣಪ್ಪ. ಮನೆ ನಿನಗೇ ಬರೋದು ತಾನೇ?

ಇನ್ನೊಂದು ಸಿಟ್ಟಿದೆ, ಹೇಳಿಬಿಡುತ್ತೇನೆ. 2024ರಲ್ಲಿ ಒನ್ ಟೈಮ್ ಸೆಟಲ್‌ಮೆಂಟ್ ಅಂತ ಮಾಡಿ ವರ್ಷಗಟ್ಟಲೆ ಕಂದಾಯ ಕಟ್ಟದವರಿಗೆ ಬಡ್ಡಿ ಮನ್ನಾ, ದಂಡದಲ್ಲೂ ಕಡಿತ ಕೊಟ್ಟರು. ಅದರಲ್ಲಿ ಕೈಲಾಗದೆ ಬಿಟ್ಟವರೂ ಇದ್ದರು, ಬೇಕಂತಲೇ ಕಟ್ಟದವರೂ ಇದ್ದರು. ಇಬ್ಬರಿಗೂ ಒಂದೇ ತಕ್ಕಡಿ. ಪ್ರತಿ ಏಪ್ರಿಲ್ ತಪ್ಪದೇ ಕಟ್ಟೋ ಅಜ್ಜಿಗೆ ಶೇ. 5 ರಿಯಾಯಿತಿ, ಮುಗೀತು. ಮುಂದೂಡೋಕೆ ಒಂದು ನೇರ ದಾರಿ ಇದ್ದಿದ್ದರೆ ಕೈಲಾಗದವರು ಬಾಕಿದಾರರ ಪಟ್ಟಿಗೇ ಸೇರುತ್ತಿರಲಿಲ್ಲ. ಅದರ ಮೇಲೆ, 2016ರಲ್ಲಿ ತಮ್ಮ ಬೀದಿಯ ವಲಯ ಬದಲಾದದ್ದು ಗೊತ್ತಿಲ್ಲದೆ ಹಳೇ ದರದಲ್ಲೇ ಕಟ್ಟಿದವರಿಗೆ ವರ್ಷಗಳಾದ ಮೇಲೆ ದಂಡ ಹಾಕಿ ನೋಟಿಸ್ ಕಳಿಸಿದ್ದು ಬೇರೆ. ಆಗ ಎಷ್ಟು ಜನ ವಯಸ್ಸಾದವರು ಗಾಬರಿಯಿಂದ ಓಡಾಡಿದರು ಅಂತ ನೋಡಿದವರಿಗೇ ಗೊತ್ತು.

ಈ ಚರ್ಚೆ ಈಗಲೇ ಯಾಕೆ ಅಂದರೆ ಗೈಡೆನ್ಸ್ ವ್ಯಾಲ್ಯೂ, ಅಂದರೆ ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡೋ ಕನಿಷ್ಠ ಬೆಲೆ. 2023ರ ಅಕ್ಟೋಬರ್‌ನಲ್ಲಿ ಅದನ್ನು ರಾಜ್ಯದಲ್ಲೆಲ್ಲ ಏರಿಸಿದರು. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಂದಾಯವನ್ನೂ ಅದಕ್ಕೇ ಗಂಟು ಹಾಕೋ ಕರಡು ಹೊರಡಿಸಿದರು, ಜನ ಗಲಾಟೆ ಮಾಡಿದ ಮೇಲೆ ಬದಿಗಿಟ್ಟರು. ಬದಿಗಿಟ್ಟದ್ದು ಇವತ್ತಲ್ಲ ನಾಳೆ ಮತ್ತೆ ಬರುತ್ತೆ. ಬಂದಾಗ ಹೊಡೆತ ಬೀಳೋದು ಹಳೇ ಬಡಾವಣೆಗಳ ಹಳೇ ಜನಕ್ಕೆ. ಪಕ್ಕದಲ್ಲಿ ಮೆಟ್ರೊ ಬಂತು ಅಂತ ಸೈಟಿನ ಬೆಲೆ ಏರುತ್ತೆ, ಮೇಷ್ಟ್ರ ಮನೆ ಸೂರು ಸೋರೋದು ಹಾಗೇ ಇರುತ್ತೆ. ಬೆಲೆ ಏರಿದ್ದು ಮಾರಿದಾಗ ತಾನೇ ಕೈಗೆ ಬರೋದು? ತೆರಿಗೆಯನ್ನೂ ಆಗಲೇ ತಗೊಳ್ಳಿ.

ನಮ್ಮ ಸಂಘದ ಮನವಿಗೆ ನಾನು ಎರಡೇ ಸಾಲು ಸೇರಿಸಿ ಕೊಟ್ಟಿದ್ದೇನೆ. ಒಂದು, ಈ ಮುಂದೂಡಿಕೆ. ಇನ್ನೊಂದು, ಗಂಡನೋ ಹೆಂಡತಿಯೋ ತೀರಿಕೊಂಡ ಮನೆಗಳ ಖಾತೆಯನ್ನು ಉಳಿದವರ ಹೆಸರಿಗೆ ಮಾಡಿಕೊಡೋಕೆ ವಾರ್ಡ್ ಮಟ್ಟದಲ್ಲೇ ಒಂದು ಶಿಬಿರ. ಎರಡನೆಯದಕ್ಕೆ ಎಲ್ಲರೂ ಒಪ್ಪಿದ್ದಾರೆ, ಮೊದಲನೆಯದಕ್ಕೆ ಮುಂದಿನ ಸಭೆಯಲ್ಲಿ ಮತ್ತೆ ಜಗಳ ಇದೆ. ಈ ಸಲ ಹಿಂದಿನ ಕ್ರಾಸಿನ ಅಜ್ಜಿಯನ್ನೂ ಕರೆದುಕೊಂಡು ಹೋಗುತ್ತೇನೆ. ಉಳಿದವರೂ ಬನ್ನಿ, ಬರೋವಾಗ ನಿಮ್ಮ ಕಳೆದ ವರ್ಷದ ರಸೀದಿ ತನ್ನಿ. ಯಾರು ಎಷ್ಟು ಕಟ್ಟುತ್ತಿದ್ದಾರೆ ಅಂತ ಮೊದಲು ಮೇಜಿನ ಮೇಲೆ ಇಟ್ಟು ಮಾತಾಡೋಣ.